ಹಳೆಯ ಮಿಯಾಟಾದ ಬ್ರೇಕ್, ಕ್ಲಚ್ ಪೆಡಲ್ ಕೆಟ್ಟರೆ ಕಂಡುಹಿಡಿಯುವುದು ಹೇಗೆ

ಹೋದ ಚಳಿಗಾಲದ ಒಂದು ಬೆಳಗ್ಗೆ ನನ್ನ 1994ರ ಮಾಜ್ದಾ ಮಿಯಾಟಾ ಕಾರು ರಿವರ್ಸ್ ಗೇರಿಗೆ ಬೀಳಲೇ ಇಲ್ಲ. ಕ್ಲಚ್ ಪೂರ್ತಿ ಒತ್ತಿದ್ದರೂ ಕರಕರ ಸದ್ದು. ಎಂಜಿನ್ ಆಫ್ ಮಾಡಿದರೆ ಮಾತ್ರ ಎಲ್ಲ ಗೇರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಳುತ್ತಿದ್ದವು. ಹತ್ತಿರದ ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. ಕಾರು ನೋಡದೆಯೇ ಅವರು ಹೇಳಿದರು: "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು."

ಫೋನ್ ಇಟ್ಟು ಕಾರಿನ ಕೆಳಗೆ ಮಲಗಿ ಒಂದು ಪುಟ್ಟ ರಬ್ಬರ್ ಟೋಪಿ ಸರಿಸಿ ನೋಡಿದೆ. ಕಪ್ಪಗಾದ ಬ್ರೇಕ್ ಆಯಿಲ್ ಬೆರಳ ಮೇಲೆ ಸುರಿಯಿತು. ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಪುಟ್ಟ ಸಿಲಿಂಡರ್) ಒಳಗಿನ ಸೀಲ್ ಸವೆದಿತ್ತು, ಅಷ್ಟೇ. ಎರಡು ಬೋಲ್ಟ್, ಒಂದು ಪೈಪು, ಒಂದು ಮಧ್ಯಾಹ್ನದ ಕೆಲಸ. ಮೂವತ್ತು ವರ್ಷದ ಕಾರಿನಲ್ಲಿ ರಬ್ಬರ್ ಸವೆಯುವುದು ಸಹಜ. ಅದಕ್ಕೆ ಗೇರ್ ಬಾಕ್ಸ್ ಇಳಿಸುವುದು ಮಾತ್ರ ಸಹಜವಲ್ಲ.

ಈ ಲೇಖನ ಬರೆಯಲು ಅದೇ ಕಾರಣ. ಪೆಡಲ್ ಕೆಟ್ಟಾಗ ನಾವು ಮೊದಲು ಸ್ಪ್ಯಾನರ್ ಹುಡುಕುತ್ತೇವೆ, ಇಲ್ಲವೇ ಬಿಡಿಭಾಗ ತರಿಸುತ್ತೇವೆ. ಅದಕ್ಕಿಂತ ಮೊದಲು ಹತ್ತು ನಿಮಿಷ ಕಾಲಿನಿಂದಲೇ ಪರೀಕ್ಷೆ ಮಾಡಿದರೆ ತೊಂದರೆ ಎಲ್ಲಿದೆ ಎಂಬುದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ಉಳಿದ ಕಾಲು ಪಾಲಿಗೆ ಟಾರ್ಚ್ ಬೇಕು.

ಉದಾಹರಣೆಗೆ ಮಾಜ್ದಾ ಎಂಎಕ್ಸ್-5 ಮಿಯಾಟಾವನ್ನೇ ತೆಗೆದುಕೊಂಡಿದ್ದೇನೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಬಂದ ಈ ಎರಡು ಸೀಟಿನ ಕಾರು 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಹೀಗಾಗಿ ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕು ಎನ್ನುವವರ ಕೈಗೆ ಮೊದಲು ಸಿಗುವುದು ಬಹಳ ಸಲ ಇದೇ. ನಾನು ಹೇಳುವ ಅಳತೆಗಳು ಮೊದಲ ಎರಡು ತಲೆಮಾರಿಗೆ, ಅಂದರೆ 2005ರವರೆಗಿನ ಕಾರುಗಳಿಗೆ. ಪರೀಕ್ಷೆ ಮಾಡುವ ರೀತಿ ಹೈಡ್ರಾಲಿಕ್ ಬ್ರೇಕ್, ಹೈಡ್ರಾಲಿಕ್ ಕ್ಲಚ್ (ದ್ರವದ ಒತ್ತಡದಿಂದ ಕೆಲಸ ಮಾಡುವಂಥವು) ಇರುವ ಯಾವ ಕಾರಿಗಾದರೂ ಹೊಂದುತ್ತದೆ.

ಮೊದಲು ಜೋಪಾನ

ಬ್ರೇಕ್ ಪೆಡಲ್ ಬಗ್ಗೆ ಸಣ್ಣ ಅನುಮಾನ ಇದ್ದರೂ ಕಾರನ್ನು ರಸ್ತೆಗೆ ಇಳಿಸಬೇಡಿ. "ಮೆಲ್ಲಗೆ ಹೋಗಿ ಬರುತ್ತೇನೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟೋ ಮಾಡಿಸಿ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕಟ್ಟೆ ಕೊಡಿ. ಕೆಳಗೆ ಹೋಗುವುದಾದರೆ ಜ್ಯಾಕ್ ಮೇಲೆ ನಂಬಿಕೆ ಬೇಡ, ಸ್ಟ್ಯಾಂಡ್ ಇಡಿ. ಕಣ್ಣಿಗೆ ಕನ್ನಡಕ ಇರಲಿ. ಬ್ರೇಕ್ ಧೂಳನ್ನು ಬಾಯಿಂದಾಗಲಿ, ಏರ್ ಹೊಡೆದಾಗಲಿ ಊದಬೇಡಿ. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಮಾಡಿ ಒರೆಸಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ನಾವೆಲ್ಲ ಆಯಿಲ್ ಎಂದು ಕರೆದರೂ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಗೊತ್ತಿಲ್ಲದೆ ಅದರ ಡಬ್ಬಿಗೆ ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಹಾಗೆಯೇ ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಬಿದ್ದ ಕೂಡಲೇ ಧಾರಾಳವಾಗಿ ನೀರು ಸುರಿದು ತೊಳೆಯಿರಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ನಾನು ಬಾನೆಟ್ ತೆಗೆಯುವುದು.

ಮತ್ತೆ, ಪೆಡಲ್ ಕೆಳಗಿನ ಮ್ಯಾಟ್ ನೋಡಿ. ದಪ್ಪ ಮ್ಯಾಟ್ ಮುಂದಕ್ಕೆ ಸರಿದು ಕ್ಲಚ್ ಪೆಡಲಿಗೆ ಅಡ್ಡ ನಿಂತಿದ್ದರೆ ಗೇರ್ ಬೀಳುವುದು ಕಷ್ಟವಾಗುತ್ತದೆ. ಎಷ್ಟೋ "ಕ್ಲಚ್ ತೊಂದರೆ" ಅಲ್ಲೇ ಮುಗಿಯುತ್ತದೆ.

ಡಬ್ಬಿಯ ಮಟ್ಟ ಓದುವುದು

ಬಾನೆಟ್ ತೆಗೆದರೆ ಮಿಯಾಟಾದಲ್ಲಿ ಎರಡು ಪ್ರತ್ಯೇಕ ಡಬ್ಬಿಗಳು ಕಾಣುತ್ತವೆ. ದೊಡ್ಡದು ಬ್ರೇಕಿನದು, ಚಿಕ್ಕದು ಕ್ಲಚ್ಚಿನದು. ಎರಡರಲ್ಲೂ ಇರುವುದು ಒಂದೇ ದ್ರವ. ಆದರೆ ಮಟ್ಟ ಇಳಿದರೆ ಎರಡಕ್ಕೂ ಅರ್ಥ ಬೇರೆ ಬೇರೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಬ್ರೇಕ್ ಪ್ಯಾಡ್ ಸವೆದಂತೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗಿನ ಪಿಸ್ಟನ್ ಹೊರಗೆ ಬರುತ್ತದೆ. ಅದರ ಹಿಂದೆ ಖಾಲಿಯಾದ ಜಾಗವನ್ನು ಆಯಿಲ್ ತುಂಬುತ್ತದೆ. ಆದ್ದರಿಂದ ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಮಟ್ಟ ಇಳಿಯುವುದು ಸಹಜ. ಆಗ ಪ್ಯಾಡ್ ಎಷ್ಟು ಉಳಿದಿದೆ ನೋಡಬೇಕು, ಸುಮ್ನೆ ಮೇಲೆ ಸುರಿಯಬಾರದು. ಸುರಿದರೆ ಹೊಸ ಪ್ಯಾಡ್ ಹಾಕಿ ಪಿಸ್ಟನ್ ಹಿಂದಕ್ಕೆ ಒತ್ತಿದ ದಿನ ಡಬ್ಬಿ ಉಕ್ಕಿ ಬಣ್ಣ ಹೋಗುತ್ತದೆ.

ಕ್ಲಚ್ಚಿನಲ್ಲಿ ಇದು ಉಲ್ಟಾ. ಪ್ಲೇಟ್ ಸವೆದಂತೆ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ಹೊರಗೆ ಬಂದು ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತವೆ. ಆಯಿಲ್ ಡಬ್ಬಿಗೆ ವಾಪಸ್ ಬರುತ್ತದೆ. ಅಂದರೆ ಮಟ್ಟ ಒಂದು ಕೂದಲೆಳೆ ಏರಬೇಕೇ ಹೊರತು ಇಳಿಯಬಾರದು. ಕ್ಲಚ್ ಡಬ್ಬಿಯ ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ. ಬೇರೆ ಮಾತೇ ಇಲ್ಲ.

ಬಣ್ಣವನ್ನೂ ನೋಡಿ. ಹೊಸ ಆಯಿಲ್ ತಿಳಿ ಜೇನಿನ ಬಣ್ಣ. ಕಂದು ಆಗಿದ್ದರೆ ಹಳೆಯದಾಗಿದೆ. ಕ್ಲಚ್ ಡಬ್ಬಿಯಲ್ಲಿ ಕಪ್ಪು ಕಸ ತೇಲುತ್ತಿದ್ದರೆ ಸೀಲಿನ ರಬ್ಬರ್ ಪುಡಿಯಾಗಿ ಬರುತ್ತಿದೆ ಎಂದು ತಿಳಿಯಿರಿ.

ಬ್ರೇಕ್: ಎಂಜಿನ್ ಆಫ್ ಮಾಡಿ ಒತ್ತಿ ನೋಡಿ

ಎಂಜಿನ್ ಆಫ್ ಇರಲಿ. ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಗಟ್ಟಿಯಾಗಿ ಒತ್ತಿ ಹಿಡಿದು ಅರ್ಧ ನಿಮಿಷ ಎಣಿಸಿ. ಪೆಡಲ್ ಕಲ್ಲಿನ ಹಾಗೆ ನಿಂತಿರಬೇಕು.

ಮೆಲ್ಲಗೆ, ಜಾರಿದ ಹಾಗೆ ಕೆಳಗೆ ಹೋಗುತ್ತಿದೆಯೇ? ಎರಡೇ ಕಾರಣ. ಒಂದು, ಎಲ್ಲೋ ಹೊರಗೆ ಸೋರುತ್ತಿದೆ. ನಾಲ್ಕು ಚಕ್ರದ ಒಳಬದಿ, ರಬ್ಬರ್ ಹೋಸ್‌ಗಳು, ಕಬ್ಬಿಣದ ಪೈಪುಗಳು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಸಿಲಿಂಡರ್) ಮತ್ತು ಬೂಸ್ಟರ್ ಸೇರುವ ಜಾಗ, ಇಷ್ಟನ್ನೂ ಟಾರ್ಚ್ ಹಿಡಿದು ನೋಡಿ. ಎಲ್ಲೂ ಒದ್ದೆ ಇಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ ಎಂದರೆ ಎರಡನೆಯ ಕಾರಣ: ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅದಕ್ಕೇ ಇದು ಅಪಾಯದ ತೊಂದರೆ. ಜೋರಾಗಿ ಒತ್ತಿದಾಗ ಸರಿಯಿದ್ದು, ಸಿಗ್ನಲ್‌ನಲ್ಲಿ ಹಗುರವಾಗಿ ಒತ್ತಿ ನಿಂತಾಗ ಮಾತ್ರ ಜಾರುವುದೂ ಉಂಟು. ಹಾಗಾಗಿ ಪರೀಕ್ಷೆಯನ್ನು ಒಮ್ಮೆ ಜೋರಾಗಿ, ಒಮ್ಮೆ ಹಗುರವಾಗಿ ಒತ್ತಿ ಎರಡು ಸಲ ಮಾಡಿ.

ಪೆಡಲನ್ನು ಹಾಗೇ ಒತ್ತಿ ಹಿಡಿದು ಈಗ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇದನ್ನು ನೋಡಿ "ಪೆಡಲ್ ಕೆಳಗೆ ಹೋಯಿತು" ಎಂದು ಹೆದರಿ ಮಾಸ್ಟರ್ ಸಿಲಿಂಡರ್ ಬದಲಿಸಿದವರಿದ್ದಾರೆ. ಜಾರುವ ಪರೀಕ್ಷೆಯನ್ನು ಎಂಜಿನ್ ಆಫ್ ಮಾಡಿಯೇ ಮಾಡಿ ಎಂದದ್ದು ಇದಕ್ಕೇ.

ಎಂಜಿನ್ ಸ್ಟಾರ್ಟ್ ಮಾಡಿದರೂ ಪೆಡಲ್ ಕದಲದೆ ಗಟ್ಟಿಯಾಗಿಯೇ ಇದ್ದರೆ ಬೂಸ್ಟರ್ ಅಥವಾ ಅದಕ್ಕೆ ಎಂಜಿನ್ನಿನಿಂದ ಬರುವ ವ್ಯಾಕ್ಯೂಮ್ ಪೈಪ್ ನೋಡಬೇಕು. ಪೈಪ್ ಸೀಳಿರಬಹುದು. ಅದರಲ್ಲಿರುವ ಒಂದೇ ದಿಕ್ಕಿನ ವಾಲ್ವ್ ಕೆಟ್ಟಿರಬಹುದು. ಎಂಜಿನ್ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ಐದು ನಿಮಿಷ ಬಿಟ್ಟು ಒತ್ತಿ. ಮೊದಲ ಒಂದೆರಡು ಸಲ ಮೃದುವಾಗಿ ಹೋದರೆ ವಾಲ್ವ್ ಸರಿಯಿದೆ. ಪೆಡಲ್ ಒತ್ತಿದಾಗಲೆಲ್ಲ ಡ್ಯಾಶ್‌ಬೋರ್ಡ್ ಕೆಳಗೆ ಬುಸ್ ಎಂದು ಗಾಳಿ ಎಳೆಯುವ ಸದ್ದು ನಿಲ್ಲದೆ ಬರುತ್ತಿದ್ದರೆ ಬೂಸ್ಟರ್ ಒಳಗಿನ ಪೊರೆ ಹರಿದಿರಬಹುದು.

ಒಂದು ಸಲ ಆಳ, ಎರಡನೇ ಸಲ ಮೇಲೆ

ಮಿಯಾಟಾದವರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಮೊದಲ ಸಲ ಒತ್ತಿದಾಗ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ಬಿಟ್ಟು ತಕ್ಷಣ ಮತ್ತೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲರೂ ಹೇಳುವುದು "ಏರ್ ಇದೆ, ಬ್ಲೀಡ್ ಮಾಡು" ಎಂದು, ಅಂದರೆ ಪೈಪಿನಲ್ಲಿ ಸೇರಿದ ಗಾಳಿ ಹೊರಗೆ ತೆಗೆ ಎಂದು. ಎರಡು ಲೀಟರ್ ಆಯಿಲ್ ಸುರಿದರೂ ಸರಿಹೋಗುವುದಿಲ್ಲ.

ಏರ್ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಇರುತ್ತದೆ, ಒತ್ತಿದಷ್ಟೂ ಒಳಗೆ ಹೋಗುತ್ತಾ ಇರುತ್ತದೆ. ಇಲ್ಲಿ ಹಾಗಲ್ಲ. ಮೊದಲು ಖಾಲಿ ಓಟ, ಆಮೇಲೆ ಗಟ್ಟಿ. ಅಂದರೆ ಪ್ಯಾಡಿಗೂ ಡಿಸ್ಕಿಗೂ ನಡುವೆ ಅಂತರ ಜಾಸ್ತಿ ಇದೆ. ಮಿಯಾಟಾದ ಹಿಂದಿನ ಕ್ಯಾಲಿಪರಿನೊಳಗೇ ಹ್ಯಾಂಡ್ ಬ್ರೇಕಿನ ಯಂತ್ರವೂ ಇದೆ. ಪ್ಯಾಡ್ ಬದಲಿಸುವಾಗ ಕ್ಯಾಲಿಪರಿನ ಸ್ಕ್ರೂ ತಿರುಗಿಸಿ ಪಿಸ್ಟನ್ನನ್ನು ಹಿಂದಕ್ಕೆ ತೆಗೆದುಕೊಂಡವರು ಆಮೇಲೆ ಸರಿಯಾಗಿ ಮುಂದಕ್ಕೆ ತರದಿದ್ದರೆ ಈ ಅಂತರ ಉಳಿದುಬಿಡುತ್ತದೆ.

ಖಚಿತ ಮಾಡಿಕೊಳ್ಳಲು ಸುಲಭ ಉಪಾಯ ಇದೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಕಾಲಿನ ಬ್ರೇಕ್ ಒತ್ತಿ. ಪೆಡಲ್ ಮೊದಲಿಗಿಂತ ಮೇಲೆಯೇ ಗಟ್ಟಿಯಾದರೆ ತೊಂದರೆ ಹಿಂದಿನ ಚಕ್ರದ ಅಂತರದಲ್ಲೇ ಇದೆ.

ಸರಿಪಡಿಸುವುದು ಹೀಗೆ. ಹ್ಯಾಂಡ್ ಬ್ರೇಕ್ ಬಿಡಿ. ಹಿಂದಿನ ಚಕ್ರ ತೆಗೆಯಿರಿ. ಕ್ಯಾಲಿಪರಿನ ಹಿಂಬದಿಯಲ್ಲಿ 14 ಮಿ.ಮೀ. ತಲೆಯ ಒಂದು ಬೋಲ್ಟ್ ಇದೆ, ಅದು ಬರೀ ಮುಚ್ಚಳ. ತೆಗೆದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ತೂತು ಸಿಗುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಪ್ಯಾಡ್ ಡಿಸ್ಕಿಗೆ ತಾಗಿ ಡಿಸ್ಕ್ ಕೈಯಲ್ಲಿ ತಿರುಗದಂತಾದಾಗ ನಿಲ್ಲಿಸಿ. ಅಲ್ಲಿಂದ ಒಂದು ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ ತನ್ನಿ. ಡಿಸ್ಕ್ ಈಗ ಸಲೀಸಾಗಿ, ಅಥವಾ ಸಣ್ಣ ಉಜ್ಜುವ ಸದ್ದಿನೊಂದಿಗೆ ತಿರುಗಬೇಕು. ಮುಚ್ಚಳದ ಬೋಲ್ಟ್ ಮರೆಯದೆ ಹಾಕಿ. ಎರಡೂ ಬದಿ ಮಾಡಿ.

ಹ್ಯಾಂಡ್ ಬ್ರೇಕ್ ತುಂಬಾ ಮೇಲೆ ಬರುತ್ತಿದೆ ಎಂದು ಕೇಬಲ್ ಬಿಗಿ ಮಾಡುವುದು ತಪ್ಪು ದಾರಿ. ಕೇಬಲ್ ಸದಾ ಎಳೆದುಕೊಂಡಿದ್ದರೆ ಕ್ಯಾಲಿಪರ್ ತಾನೇ ಅಂತರ ಸರಿಮಾಡಿಕೊಳ್ಳುವ ಕೆಲಸ ನಿಲ್ಲುತ್ತದೆ. ಮೊದಲು ಕ್ಯಾಲಿಪರ್, ಕೊನೆಗೆ ಕೇಬಲ್.

ಅಂತರ ಸರಿಯಿದ್ದೂ ತಿರುವುಗಳ ಬಳಿಕ ಮಾತ್ರ ಪೆಡಲ್ ಆಳಕ್ಕೆ ಹೋದರೆ ಚಕ್ರದ ಬೇರಿಂಗ್ ಅಲ್ಲಾಡಿಸಿ ನೋಡಿ. ಸಡಿಲ ಬೇರಿಂಗ್ ಇದ್ದರೆ ತಿರುವಿನಲ್ಲಿ ಡಿಸ್ಕ್ ವಾಲಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ.

ಸ್ಪಂಜಿನಂಥ ಪೆಡಲ್, ಏರ್ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ನಮ್ಮ ಮನೆಯಲ್ಲಿ ಪೆಡಲ್ ಕೆಲಸ ಮಗಳದು. ಕೆಳಗಿಂದ ನಾನು "ಒತ್ತು ಪುಟ್ಟಿ" ಎನ್ನುತ್ತೇನೆ. "ಒತ್ತಿದೀನಿ ಅಪ್ಪಾ" ಎಂದು ಉತ್ತರ ಬಂದ ಮೇಲೆಯೇ ನಿಪ್ಪಲ್ (ಗಾಳಿ ಹೊರಬಿಡಲು ಕ್ಯಾಲಿಪರಿನಲ್ಲಿರುವ ಪುಟ್ಟ ಸ್ಕ್ರೂ) ಸಡಿಲಿಸುತ್ತೇನೆ. ಬಿಗಿ ಮಾಡಿ "ಬಿಡು" ಎಂದ ಮೇಲೆಯೇ ಅವಳು ಕಾಲು ಎತ್ತುತ್ತಾಳೆ. ಈ ಮಾತುಕತೆ ತಪ್ಪಿದರೆ ಹೋದ ಗಾಳಿ ಮತ್ತೆ ಒಳಗೆ ಬರುತ್ತದೆ, ಅಷ್ಟೂ ಕೆಲಸ ನೀರಲ್ಲಿ ಹೋಮ ಮಾಡಿದಂತೆ.

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬನ್ನಿ. ಅಮೆರಿಕದ ಎಡಗೈ ಸ್ಟಿಯರಿಂಗ್ ಕಾರಿನಲ್ಲಿ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಬ್ರಿಟನ್, ಜಪಾನ್‌ನ ಬಲಗೈ ಕಾರಿನಲ್ಲಿ ಎಡ ಬಲ ಅದಲು ಬದಲು. ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ ಅದರ ತುದಿ ಆಯಿಲ್‌ನಲ್ಲಿ ಮುಳುಗಿರುವಂತೆ ಬಾಟಲಿಯಲ್ಲಿಡಿ. ಗುಳ್ಳೆ ನಿಂತು ಹೊಸ ಬಣ್ಣ ಬರುವವರೆಗೆ ಮಾಡಿ. ಡಬ್ಬಿ ಯಾವ ಕಾರಣಕ್ಕೂ ಬರಿದಾಗಬಾರದು.

ಹಳೆಯ ಕಾರಿನಲ್ಲಿ ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನ ಸೀಲ್ ದಿನವೂ ಓಡಾಡುವ ಜಾಗ ನುಣುಪಾಗಿರುತ್ತದೆ. ಅದರಾಚೆ ವರ್ಷಗಟ್ಟಲೆ ಮುಟ್ಟದ ಜಾಗದಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಸೀಲ್ ಅಲ್ಲಿಗೆ ಹೋದರೆ ತರಚಿಕೊಳ್ಳುತ್ತದೆ. ಬ್ಲೀಡ್ ಮಾಡುವ ಮೊದಲು ಸರಿಯಿದ್ದ ಮಾಸ್ಟರ್ ಆಮೇಲೆ ಕೆಡುವುದು ಇದರಿಂದಲೇ. ಪೆಡಲ್ ಹಿಂದೆ ಒಂದು ಮರದ ತುಂಡು ಇಟ್ಟರೆ ಸಾಕು.

ಒಬ್ಬ ಗೆಳೆಯ ಕ್ಯಾಲಿಪರ್ ಬದಲಿಸಿ ಮೂರು ಸಲ ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಾಗಿಯೇ ಇತ್ತು. ಹೋಗಿ ನೋಡಿದರೆ ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೆ ಇರುತ್ತದೆ, ನಿಪ್ಪಲ್ ಕೆಳಗಿದ್ದರೆ ಅದು ಹೊರಗೆ ಬರುವುದಾದರೂ ಹೇಗೆ? ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ಗಡೆ ಇರಬೇಕು.

ಘಾಟಿಯಲ್ಲಿ, ಟ್ರ್ಯಾಕಿನಲ್ಲಿ ಮಾತ್ರ ಕೈಕೊಡುವ ಬ್ರೇಕ್

ಮನೆ ಹತ್ತಿರ ಸರಿಯಿದ್ದು ಜೋರು ಓಡಿಸಿದಾಗ ಮಾತ್ರ ಬ್ರೇಕ್ ಕೈಕೊಟ್ಟರೆ ಪೆಡಲ್ ಆಗ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಿ. ಪೆಡಲ್ ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ನಿಲ್ಲಲಿಲ್ಲ ಎಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಯಿತು ಎಂದರೆ ಆಯಿಲ್ ಕುದಿದು ಆವಿಯಾಗಿದೆ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಟ್ರ್ಯಾಕಿಗೆ ಹೋಗುವವರು ಹೋಗುವ ಮೊದಲೇ ಹೊಸ ಆಯಿಲ್ ಹಾಕಿಸಬೇಕು ಎನ್ನುವುದು ಇದಕ್ಕೇ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವೇ. ಡಾಟ್ 5 ಮಾತ್ರ ಸಿಲಿಕೋನ್. ಹೆಸರು ಹತ್ತಿರ ಇದ್ದರೂ ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಪೆಡಲ್ ಕಾಲಿಗೆ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ, ಅಥವಾ ಡಿಸ್ಕ್ ವಾಲಿ ತಿರುಗುತ್ತಿದೆ. ಚಕ್ರದ ನಟ್ಟುಗಳನ್ನು ಏರ್ ಗನ್ನಿನಲ್ಲಿ ಹೇಗೆಂದರೆ ಹಾಗೆ ಬಿಗಿ ಮಾಡಿದರೂ ಹೀಗಾಗುತ್ತದೆ. ಮಿಯಾಟಾಕ್ಕೆ 21 ಮಿ.ಮೀ. ಸಾಕೆಟ್, 88ರಿಂದ 118 ನ್ಯೂಟನ್ ಮೀಟರ್, ಅಡ್ಡಡ್ಡ ಕ್ರಮದಲ್ಲಿ. ಕಾರು ಒಂದು ಕಡೆಗೆ ಎಳೆದರೆ ಕ್ಯಾಲಿಪರಿನ ಜಾರುವ ಪಿನ್ ಹಿಡಿದುಕೊಂಡಿದೆಯೇ, ಹೋಸ್ ಒಳಗೇ ಕುಸಿದು ಮುಚ್ಚಿಕೊಂಡಿದೆಯೇ ನೋಡಿ.

ಕ್ಲಚ್: ಬಿಡುತ್ತಿಲ್ಲವೋ, ಹಿಡಿಯುತ್ತಿಲ್ಲವೋ

ಕ್ಲಚ್ ತೊಂದರೆ ಎಷ್ಟೇ ಇದ್ದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಬಿಡುತ್ತಿಲ್ಲ ಎಂದರೆ ಗೇರ್ ಬೀಳುವುದಿಲ್ಲ, ಕರಕರ ಎನ್ನುತ್ತದೆ, ಪೆಡಲ್ ಒತ್ತಿದ್ದರೂ ಕಾರು ಮುಂದಕ್ಕೆ ತೆವಳುತ್ತದೆ. ಹಿಡಿಯುತ್ತಿಲ್ಲ ಎಂದರೆ ಎಂಜಿನ್ ಕಿರುಚುತ್ತದೆ, ಕಾರು ಓಡುವುದಿಲ್ಲ. ಎರಡೂ ಬೇರೆ ರೋಗಗಳು.

ಬಿಡುತ್ತಿಲ್ಲವೇ ಎಂದು ನೋಡಲು ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ಕಾಯಿರಿ, ಮೆಲ್ಲಗೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ. ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ನಾಲ್ಕು ಸಲ ಪಂಪ್ ಮಾಡಿ ಮತ್ತೆ ಹಾಕಿದಾಗ ಸಲೀಸಾಗಿ ಬಿದ್ದರೆ ತೊಂದರೆ ಹೈಡ್ರಾಲಿಕ್‌ನಲ್ಲಿದೆ ಎಂಬುದು ಹೆಚ್ಚುಕಡಿಮೆ ಖಚಿತ.

ಹಿಡಿಯುತ್ತಿಲ್ಲವೇ ಎಂದು ನೋಡಲು ಖಾಲಿ ರಸ್ತೆ ಬೇಕು. ನಾಲ್ಕನೇ ಗೇರಿನಲ್ಲಿ ಗಂಟೆಗೆ 50-60 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಪ್ಲೇಟ್ ಜಾರುತ್ತಿದೆ. ಆಗ ಪೆಡಲಿನಲ್ಲಿ ಸ್ವಲ್ಪವಾದರೂ ಖಾಲಿ ಆಟ ಇದೆಯೇ ನೋಡಿ. ಮೇಲಿನ ಕೆಲವು ಮಿಲಿಮೀಟರ್ ಪೆಡಲ್ ಬೆರಳಲ್ಲಿ ತಳ್ಳಿದರೂ ಹೋಗಬೇಕು. ಯಾರೋ ಪುಶ್‌ರಾಡ್ (ಪೆಡಲಿನಿಂದ ಮಾಸ್ಟರ್ ಸಿಲಿಂಡರನ್ನು ತಳ್ಳುವ ಕಡ್ಡಿ) ಉದ್ದ ಮಾಡಿ ಆ ಆಟ ತೆಗೆದುಬಿಟ್ಟಿದ್ದರೆ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ತೂತು ಮುಚ್ಚಿಕೊಳ್ಳುತ್ತದೆ, ಕಾಲು ತೆಗೆದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಆಟ ಇದ್ದೂ ಜಾರುತ್ತಿದ್ದರೆ ಮಾತ್ರ ಗೇರ್ ಬಾಕ್ಸ್ ಇಳಿಸುವ ಮಾತು.

ಊರಿನಲ್ಲಿ ಮಾರುತಿ 800 ಓಡಿಸಿ ಕಲಿತವರಿಗೆ ಕೇಬಲ್ ಬಿಗಿ ಮಾಡಿ ಅಭ್ಯಾಸ. ಮಿಯಾಟಾದಲ್ಲಿ ಕೇಬಲ್ ಇಲ್ಲ. ಸವೆತವನ್ನು ಹೈಡ್ರಾಲಿಕ್ ತಾನೇ ಸರಿದೂಗಿಸುತ್ತದೆ. ಕೆಟ್ಟ ಸೀಲನ್ನು ಮರೆಮಾಡಲು ಪುಶ್‌ರಾಡ್ ತಿರುಗಿಸಬೇಡಿ.

ಸೋರಿಕೆ ಹುಡುಕುವುದು

ಮೊದಲು ಕಾರಿನೊಳಗೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ, ಕ್ಲಚ್ ಪೆಡಲಿನ ಪುಶ್‌ರಾಡ್ ಎಂಜಿನ್ ಕಡೆಯ ಗೋಡೆಯೊಳಗೆ ಹೋಗುವ ಜಾಗವನ್ನು ಬೆರಳಿಂದ ಮುಟ್ಟಿ. ಒದ್ದೆ ಇದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಎಂಜಿನ್ ಕಡೆಯಿಂದ ಮಾಸ್ಟರ್ ಕೆಳಗಿನ ಬಣ್ಣ ಗುಳ್ಳೆ ಎದ್ದಿದ್ದರೂ ಅದೇ ಅರ್ಥ.

ಆಮೇಲೆ ಕೆಳಗೆ. ಮಿಯಾಟಾದ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಬಲಗಡೆ, ಹೊರಗೇ ಇದೆ. ಇದು ದೊಡ್ಡ ಅನುಕೂಲ. ಅದರ ತುದಿಯ ರಬ್ಬರ್ ಟೋಪಿಯನ್ನು ಮೆಲ್ಲಗೆ ಸರಿಸಿ. ಒಳಗೆ ಒಣಗಿರಬೇಕು. ಆಯಿಲ್ ಸುರಿದರೆ ಸ್ಲೇವ್ ಹೋಗಿದೆ. ಟೋಪಿ ತುಂಬುವವರೆಗೆ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹಾಗಾಗಿ "ಕೆಳಗೆ ಕಲೆ ಇಲ್ಲ, ಸೋರುತ್ತಿಲ್ಲ" ಎಂದುಕೊಳ್ಳಬೇಡಿ.

ಎರಡೂ ಕಡೆ ಒಣಗಿದೆಯೇ? ಹಾಗಾದರೆ ಇಡೀ ಪರೀಕ್ಷೆಯಲ್ಲೇ ಮುಖ್ಯವಾದ ನೋಟ ಈಗ. ಎಂಜಿನ್ ಆಫ್ ಇರಲಿ. ಒಬ್ಬರು ಕ್ಲಚ್ ಒತ್ತಲಿ, ನೀವು ಕೆಳಗಿಂದ ಸ್ಲೇವ್ ಕಡ್ಡಿ ಫೋರ್ಕನ್ನು (ಕ್ಲಚ್ ಬಿಡಿಸುವ ಸನ್ನೆಯನ್ನು) ಎಷ್ಟು ತಳ್ಳುತ್ತದೆ ನೋಡಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿಯೇ ಹೋಗಬೇಕು. ಪೆಡಲ್ ಒತ್ತಿಯೇ ಹಿಡಿದಿರಲು ಹೇಳಿ. ಕಡ್ಡಿ ತಾನಾಗಿ ಮೆಲ್ಲಗೆ ವಾಪಸ್ ಬಂದರೆ ಮಾಸ್ಟರ್ ಒಳಗಿನ ಸೀಲ್ ದಾಟಿ ಆಯಿಲ್ ಹೋಗುತ್ತಿದೆ. ಮೊದಲಿಂದಲೇ ಕಡಿಮೆ ಹೋದರೆ ಏರ್ ಇದೆ, ಇಲ್ಲವೇ ಪೆಡಲಿನ ಪಿನ್, ಬುಷ್ ಸವೆದು ಒತ್ತಿದ್ದೆಲ್ಲ ಅಲ್ಲೇ ವ್ಯರ್ಥವಾಗುತ್ತಿದೆ, ಅಥವಾ ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಹೋಸ್ ಮೇಲೆ ಕೈಯಿಟ್ಟರೆ ಉಬ್ಬುವುದು ಗೊತ್ತಾಗುತ್ತದೆ. ಕಡ್ಡಿ ಪೂರ್ತಿ ಹೋಗಿ ಅಲ್ಲೇ ನಿಂತಿದ್ದೂ ಗೇರ್ ಬೀಳುತ್ತಿಲ್ಲ ಎಂದರೆ ಹೈಡ್ರಾಲಿಕ್ ನಿರಪರಾಧಿ. ಪ್ರೆಶರ್ ಪ್ಲೇಟ್, ಪ್ಲೇಟ್, ಪೈಲಟ್ ಬೇರಿಂಗ್ ಇವುಗಳಲ್ಲಿ ಒಂದು ಕೆಟ್ಟಿದೆ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸೋಣ ಎಂದರೆ ಈ ನೋಟ ನೋಡಿದ್ದೀರಾ ಎಂದು ಕೇಳಿ.

ಎಲ್ಲ ಕಾರಿನಲ್ಲೂ ಇದು ಇಷ್ಟು ಸುಲಭವಲ್ಲ. ಕೆಲವು ಕಾರುಗಳಲ್ಲಿ ಸ್ಲೇವ್ ಗೇರ್ ಬಾಕ್ಸ್ ಒಳಗೇ, ಶಾಫ್ಟಿನ ಸುತ್ತ ಕೂತಿರುತ್ತದೆ. ಬೆಲ್‌ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗೇರ್ ಬಾಕ್ಸಿನ ಮುಂಭಾಗ) ಕೆಳಗಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುವುದೇ ಗುರುತು. ಯೂರೋಪಿನ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಅಲ್ಲಿ ಕ್ಲಚ್ ಸೋರಿದರೆ ಬ್ರೇಕ್ ಲೈಟ್ ಉರಿಯಬಹುದು. ಟೊಯೊಟಾ ಎಂಆರ್2 ತರಹ ಎಂಜಿನ್ ಹಿಂದಿರುವ ಕಾರಿನಲ್ಲಿ ಕ್ಲಚ್ ಪೈಪ್ ಕಾರಿನುದ್ದಕ್ಕೂ ಹೋಗುತ್ತದೆ, ಏರ್ ತೆಗೆಯಲು ತಾಳ್ಮೆ ಬೇಕು.

ಸದ್ದುಗಳ ಬಗ್ಗೆ ಚಿಕ್ಕದಾಗಿ. ಪೆಡಲ್ ಒತ್ತಿದಾಗ ಶುರುವಾಗುವ ಗರಗರ ಸದ್ದು ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದಾಗ ನಿಲ್ಲುವುದು ಗೇರ್ ಬಾಕ್ಸಿನ ಮುಂದಿನ ಬೇರಿಂಗಿನದು. ಪೆಡಲ್ ಬಳಿಯೇ ಕೀಚ್ ಎಂದರೆ ಬುಷ್ ಒಣಗಿದೆ, ಗ್ರೀಸ್ ಸಾಕು.

ಸ್ಲೇವ್ ಬದಲಿಸುವುದು

ಸ್ಲೇವ್ ಹೋಗಿದ್ದರೆ ಮಾಸ್ಟರನ್ನೂ ಜೊತೆಗೇ ಬದಲಿಸುವುದು ಒಳ್ಳೆಯದು ಎಂಬುದು ನನ್ನ ಅನುಭವ. ಎರಡೂ ಒಂದೇ ವಯಸ್ಸಿನವು. ಹೊಸ ಸ್ಲೇವ್ ಪೂರ್ತಿ ಒತ್ತಡ ಹಿಡಿದಾಗ ಹಳೆಯ ಮಾಸ್ಟರ್ ಸೀಲ್ ಕೆಲವು ತಿಂಗಳಲ್ಲೇ ಬಿಟ್ಟುಕೊಡುವುದು ಉಂಟು.

ಸ್ಲೇವ್ ಇನ್ನೂ ಬೋಲ್ಟಿನಲ್ಲಿ ಗಟ್ಟಿಯಾಗಿ ನಿಂತಿರುವಾಗಲೇ ಪೈಪಿನ ನಟ್ಟನ್ನು ಸಡಿಲಿಸಿ. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ಉರುಟಾಗುತ್ತವೆ, ಪೈಪಿನ ನಟ್ಟಿಗೆಂದೇ ಇರುವ ಫ್ಲೇರ್ ಸ್ಪ್ಯಾನರ್ ಬಳಸಿ. ಆಮೇಲೆ ಎರಡು ಬೋಲ್ಟ್ ತೆಗೆದರೆ ಸ್ಲೇವ್ ಕೈಗೆ ಬರುತ್ತದೆ. ಸ್ಲೇವ್ ಹೊರಗಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹಾರಿ ಬರುತ್ತದೆ. ಹೊಸದನ್ನು ಹಾಕುವಾಗ ಪೈಪಿನ ನಟ್ಟನ್ನು ಮೊದಲು ಬೆರಳಲ್ಲೇ ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಬೋಲ್ಟ್. ಥ್ರೆಡ್ ಅಡ್ಡ ಹೋಗುವುದು ತಪ್ಪುತ್ತದೆ.

ಡಬ್ಬಿ ತುಂಬಿಸಿ, ನಿಪ್ಪಲ್ ಬಿಚ್ಚಿ, ಆಯಿಲ್ ತಾನಾಗಿ ಇಳಿದು ಬರಲು ಬಿಡಿ. ಹನಿ ಬಂದ ಮೇಲೆ ಇಬ್ಬರು ಸೇರಿ ಬ್ಲೀಡ್ ಮಾಡಿ. ಮೊದಮೊದಲು ಪೆಡಲ್ ನೆಲಕ್ಕೆ ಅಂಟಿಕೊಂಡರೆ ಗಾಬರಿ ಬೇಡ, ಕೈಯಿಂದ ಮೇಲೆತ್ತಿ ಮತ್ತೆ ಒತ್ತಿ.

ರಸ್ತೆಗಿಳಿಯುವ ಮೊದಲು

ಕಾರು ಕದಲುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಕ್ಯಾಲಿಪರ್ ಮುಟ್ಟಿದ್ದರೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗಬಹುದು, ಅದು ಮನೆಯ ಅಂಗಳದಲ್ಲೇ ಆಗಲಿ. ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ ನೋಡಿ. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ, ಆಮೇಲೆ 20, ಆಮೇಲೆ 40 ಕಿ.ಮೀ. ವೇಗದಲ್ಲಿ. ಪ್ರತಿ ಸಲವೂ ಪೆಡಲ್ ಅದೇ ಎತ್ತರದಲ್ಲಿ ನಿಲ್ಲಬೇಕು. ವಾಪಸ್ ಬಂದು ಚಕ್ರಗಳ ಬಳಿ ಕೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಪ್ಯಾಡ್ ಬಿಡುತ್ತಿಲ್ಲ.

ರಾತ್ರಿ ಡಬ್ಬಿಗಳ ಮಟ್ಟಕ್ಕೆ ಪೆನ್ನಿನಿಂದ ಗುರುತು ಮಾಡಿ. ಮುಂದಿನ ಎರಡೂ ಚಕ್ರಗಳ ನಡುವೆ, ಗೇರ್ ಬಾಕ್ಸ್ ಕೆಳಗೆ ಒಂದು ಒಣ ರಟ್ಟು ಹಾಸಿ. ಬೆಳಗ್ಗೆ ಗುರುತೂ ರಟ್ಟೂ ಹಾಗೇ ಇದ್ದರೆ ಕಾರು ತೆಗೆಯಿರಿ. ವಾರದ ಬಳಿಕ ಸ್ಲೇವಿನ ರಬ್ಬರ್ ಟೋಪಿಯನ್ನು ಇನ್ನೊಮ್ಮೆ ಸರಿಸಿ ನೋಡಿ.